ಕೊಳೆತ ಮೀನಿನ ನಾತದಲ್ಲಿ ಇರುವುದು ನಮ್ಮೊಳಗೂ ಇದೆ

ಮಲ್ಪೆಯಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ, ಮೀನು ಗೊತ್ತಿದ್ದವರು ಮೊದಲು ಕಿವಿರು ಎತ್ತಿ ನೋಡುತ್ತಾರೆ, ಆಮೇಲೆ ಮೂಸುತ್ತಾರೆ. ಐಸ್ ಇಲ್ಲದೆ ಬಿಸಿಲಿಗೆ ಬಿದ್ದ ಬಂಗುಡೆಯಲ್ಲಿ ಬ್ಯಾಕ್ಟೀರಿಯಾಗಳು ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳನ್ನು ಮುರಿಯುತ್ತಾ ಹೋಗುತ್ತವೆ. ಹಾಗೆ ಹುಟ್ಟುವ ಪ್ಯುಟ್ರೆಸಿನ್, ಕೆಡಾವರಿನ್ ಎಂಬ ರಾಸಾಯನಿಕಗಳಿಗೆ ಆ ಕೊಳೆತ ನಾತದಲ್ಲಿ ಪಾಲಿದೆ. ಜತೆಗೆ ಹಿಸ್ಟಮಿನ್ ಕೂಡ ಹುಟ್ಟುತ್ತದೆ. ಅದು ಎಷ್ಟು ಕುದಿಸಿದರೂ ಹೋಗುವುದಿಲ್ಲ, ತಿಂದವರ ಮುಖ ಕೆಂಪೇರಿ ತಲೆನೋವು, ತುರಿಕೆ ಶುರುವಾಗುತ್ತದೆ.

ಪ್ಯುಟ್ರೆಸಿನ್ ಅನ್ನು 1885ರಲ್ಲಿ ಬರ್ಲಿನ್ನಿನ ವೈದ್ಯ ಲುಡ್ವಿಗ್ ಬ್ರೀಗರ್ ವಿವರಿಸಿದ್ದೂ ಕೊಳೆತದ್ದನ್ನು ಪರೀಕ್ಷಿಸುವಾಗಲೇ. ಆದರೆ ಅದು ನಿಮ್ಮ ಜೀವಕೋಶಗಳಲ್ಲೂ ಇದೆ. ಸುಮ್ನೆ ಇರುವುದಲ್ಲ, ನಮ್ಮ ಕೋಶಗಳೇ ಓರ್ನಿಥಿನ್ ಎಂಬ ಅಮೈನೋ ಆಮ್ಲದಿಂದ ಅದನ್ನು ಮಾಡಿಕೊಂಡು, ಅದರಿಂದ ಸ್ಪರ್ಮಿಡಿನ್, ಮತ್ತೆ ಅದರಿಂದ ಸ್ಪರ್ಮಿನ್ ತಯಾರಿಸುತ್ತವೆ. ಇವುಗಳಿಗೇ ಪಾಲಿಅಮೀನ್ ಎನ್ನುವುದು. ಇವು ಧನ ವಿದ್ಯುದಂಶದವು, ಡಿಎನ್‌ಎ, ಆರ್‌ಎನ್‌ಎ ಋಣದವು. ಹಾಗಾಗಿ ಹೋಗಿ ಅಂಟಿಕೊಂಡು ಅವುಗಳನ್ನು ಗಟ್ಟಿಯಾಗಿ ಹಿಡಿದಿಡುತ್ತವೆ. ಪಾಲಿಅಮೀನ್ ಇಲ್ಲದೆ ಕೋಶ ಬೆಳೆಯುವುದಿಲ್ಲ.

ಬೆಳೆಯಲು ಬೇಕು ಅಂದ ಮೇಲೆ ಕ್ಯಾನ್ಸರಿಗೂ ಬೇಕು, ಅಲ್ವಾ? ಹಲವು ಗಡ್ಡೆಗಳಲ್ಲಿ ಇವುಗಳ ಮಟ್ಟ ಜಾಸ್ತಿ ಇರುತ್ತದೆ. ಓರ್ನಿಥಿನ್‌ನಿಂದ ಪ್ಯುಟ್ರೆಸಿನ್ ಮಾಡುವ ಕಿಣ್ವವನ್ನೇ ಕೆಡಿಸುವ ಎಫ್ಲಾರ್ನಿಥಿನ್ ಎಂಬ ಔಷಧವಿದೆ. ಅದು ಹೋದ ದಾರಿ ನೋಡಿ: ಕ್ಯಾನ್ಸರಿಗೆ ಪ್ರಯತ್ನಿಸಿದರು, ಹೆಚ್ಚು ಫಲ ಸಿಗಲಿಲ್ಲ, ನೊಣ ಕಚ್ಚಿ ಹರಡುವ ಆಫ್ರಿಕಾದ ನಿದ್ರಾರೋಗಕ್ಕೆ ಚೆನ್ನಾಗಿ ಕೆಲಸ ಮಾಡಿತು, ಆಮೇಲೆ ಹೆಂಗಸರ ಮುಖದ ಬೇಡದ ಕೂದಲು ಬೆಳೆಯುವುದನ್ನು ತಗ್ಗಿಸಲು ಹಚ್ಚುವ ಕ್ರೀಮಾಯಿತು, ಕೊನೆಗೆ 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ನ್ಯೂರೋಬ್ಲಾಸ್ಟೋಮಾ ಮರುಕಳಿಸದಂತೆ ಕೊಡಲು ಒಪ್ಪಿಗೆ ಸಿಕ್ಕಿತು. ಇದು ಹೆಚ್ಚಾಗಿ ಚಿಕ್ಕ ಮಕ್ಕಳಿಗೆ ಬರುವ ಕ್ಯಾನ್ಸರ್.

ಇನ್ನೊಂದು ಕಡೆ, ಆಯುಷ್ಯ ಹೆಚ್ಚಿಸುತ್ತದೆ ಎಂದು ಆನ್‌ಲೈನಿನಲ್ಲಿ ಸ್ಪರ್ಮಿಡಿನ್ ಮಾತ್ರೆ ಮಾರುತ್ತಾರೆ. ಪೂರಾ ಬುರುಡೆ ಅಲ್ಲ. ಕೋಶ ತನ್ನೊಳಗಿನ ಹಳೆ ಕಸವನ್ನು ತಾನೇ ಅರಗಿಸಿಕೊಳ್ಳುವ ಕೆಲಸ ಸ್ಪರ್ಮಿಡಿನ್‌ನಿಂದ ಚುರುಕಾಗುತ್ತದೆ, ಯೀಸ್ಟ್, ನೊಣ, ಹುಳಗಳು ಹೆಚ್ಚು ದಿನ ಬದುಕುತ್ತವೆ ಎಂದು 2009ರಲ್ಲಿ ತೋರಿಸಿದ್ದಾರೆ. ನಾವು ನೊಣಗಳಲ್ಲವಲ್ಲ! 2022ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ 100 ಹಿರಿಯರು 12 ತಿಂಗಳು ಮಾತ್ರೆ ತೆಗೆದುಕೊಂಡರು, ಅರ್ಧ ಜನರದ್ದು ಬರೀ ಹುಸಿ ಮಾತ್ರೆ. ನೆನಪಿನ ಶಕ್ತಿಯಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ನನ್ನನ್ನು ಕೇಳಿದರೆ ಆ ದುಡ್ಡಿಗೆ ಕಡಲೆ ಗಸಿ, ಅಣಬೆ ಸುಕ್ಕ ಮಾಡಿ ತಿನ್ನಿ. ಕಾಳು, ಅಣಬೆ, ತೌಡು ತೆಗೆಯದ ಗೋಧಿಯಲ್ಲಿ ಸ್ಪರ್ಮಿಡಿನ್ ಇದ್ದೇ ಇದೆ, ಕರುಳಿನ ಬ್ಯಾಕ್ಟೀರಿಯಾಗಳೂ ಒಂದಿಷ್ಟು ಮಾಡಿಕೊಡುತ್ತವೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಂತೂ ಡಾಕ್ಟರನ್ನು ಕೇಳದೆ ಆ ಮಾತ್ರೆ ಮುಟ್ಟಬಾರದು, ಗಡ್ಡೆಗೆ ಬೇಕಾಗಿರುವುದೂ ಅದೇ ತಾನೆ.