ಸೂಜಿ ಹೊಸದು, ನೀರು ಯಾವುದು?

ಕಾಸರಗೋಡಿನ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಮಳೆಗಾಲದಲ್ಲಿ ಚಳಿಜ್ವರ ಬಂದರೆ ಮೊದಲು ನೆನಪಾಗುವುದು ಡೆಂಗಿ, ಇಲ್ಲವೇ ಇಲಿಜ್ವರ. ಅದು ಸಹಜ. ಆದರೆ ಡ್ರಗ್ಸ್ ಚುಚ್ಚಿಕೊಳ್ಳುವ ಹುಡುಗನ ಜ್ವರಕ್ಕೆ ಬೇರೆ ಕಾರಣವೂ ಇರಬಹುದು. "ನಾನು ಬೇರೆಯವರ ಸೂಜಿ ಮುಟ್ಟಿಲ್ಲ" ಎಂಬ ಧೈರ್ಯ ಅವನದು. ಎಚ್‌ಐವಿ ವಿಷಯದಲ್ಲಿ ಆ ಮಾತು ಬಹುಮಟ್ಟಿಗೆ ಸರಿ. ಬ್ಯಾಕ್ಟೀರಿಯಾ ವಿಷಯದಲ್ಲಿ ಅಷ್ಟೇ ಸಾಲದು.

ಇಂಥವರ ರಕ್ತಕ್ಕೆ ಜಾಸ್ತಿ ನುಗ್ಗುವುದು ಚರ್ಮದ ಮೇಲೇ ಇರುವ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಅಪರೂಪದವುಗಳಲ್ಲಿ ಸೆರೇಶಿಯಾ ಎಂಬ ಬ್ಯಾಕ್ಟೀರಿಯಾದ ಕಥೆ ವಿಚಿತ್ರ. 1819ರಲ್ಲಿ ಇಟಲಿಯ ಜನರ ಮೆಕ್ಕೆಜೋಳದ ಅಂಬಲಿ ನೆತ್ತರಿನಂತೆ ಕೆಂಪಾಯಿತು. ಊರೆಲ್ಲ ಹೆದರಿತು. ಇದು ಕಣ್ಣಿಗೆ ಕಾಣದ ಜೀವಿಯ ಕೆಲಸ ಎಂದು ತೋರಿಸಿ, ಅದಕ್ಕೆ ಹೆಸರಿಟ್ಟವನು ಬಾರ್ತೊಲೊಮಿಯೊ ಬಿಜಿಯೊ. ಆಮೇಲೆ ಬಹಳ ಕಾಲ ಅದನ್ನು ಸಾಧು ಎಂದೇ ನಂಬಿದ್ದರು. 1950ರಲ್ಲಿ ಅಮೆರಿಕದ ನೌಕಾಪಡೆ ಪರೀಕ್ಷೆಗೆಂದು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಅದನ್ನು ಸಿಂಪಡಿಸಿತು, ಜನರಿಗೆ ಒಂದು ಮಾತೂ ಹೇಳದೆ! 1970ರ ದಶಕದಲ್ಲಿ ಅದೇ ಊರಿನ ಆಸುಪಾಸಿನಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವವರ ಹೃದಯದ ಕವಾಟಗಳಲ್ಲಿ ಸೆರೇಶಿಯಾ ಸಿಕ್ಕಿತು. ಷಿಕಾಗೊದಲ್ಲಿ ಪೆಂಟಾಜೋಸಿನ್ ಎಂಬ ನೋವಿನ ಔಷಧಿ ಚುಚ್ಚಿಕೊಳ್ಳುವವರಲ್ಲಿ ಸಿಕ್ಕಿದ್ದು ಸ್ಯೂಡೊಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ.

ಇವೆರಡೂ ನೀರು, ತೇವ ಇದ್ದಲ್ಲಿ ಬದುಕುತ್ತವೆ. ಪುಡಿ ಕಲಸಲು ಹಿಡಿದ ನಲ್ಲಿ ನೀರು, ಸೋಸಲು ಮತ್ತೆ ಮತ್ತೆ ಬಳಸಿದ ಹತ್ತಿ, ಇಷ್ಟು ಸಾಕು. ಕುಡಿದರೆ ಏನೂ ಮಾಡದ ನೀರು ನರಕ್ಕೆ ಹೋದರೆ ಬೇರೆಯೇ, ಅಲ್ವಾ? ಸೂಜಿಯನ್ನು ನೆಕ್ಕುವವರಿಗೆ ಬಾಯಿಯಲ್ಲಿರುವ ಐಕೆನೆಲ್ಲಾ ಎಂಬ ಬ್ಯಾಕ್ಟೀರಿಯಾ ಅಂಟುತ್ತದೆ. ಕೆಲವೊಮ್ಮೆ ಡ್ರಗ್ಸ್‌ನಲ್ಲೇ ಬ್ಯಾಕ್ಟೀರಿಯಾ ಬೆರೆತಿರುತ್ತದೆ. ಸ್ಕಾಟ್ಲೆಂಡಿನಲ್ಲಿ 2009-10ರಲ್ಲಿ ಹೆರಾಯಿನ್‌ನೊಂದಿಗೆ ಬಂದ ಆಂಥ್ರಾಕ್ಸ್ 14 ಜನರನ್ನು ಬಲಿ ತೆಗೆದುಕೊಂಡಿತು.

ನರದಿಂದ ರಕ್ತ ಮೊದಲು ಹೃದಯದ ಬಲಭಾಗಕ್ಕೆ ಬರುತ್ತದೆ. ಬ್ಯಾಕ್ಟೀರಿಯಾ ಅಲ್ಲಿನ ಕವಾಟದಲ್ಲಿ ಕೂರುತ್ತದೆ. ಅದರ ಚೂರುಗಳು ಶ್ವಾಸಕೋಶಕ್ಕೆ ಹಾರುತ್ತವೆ. ಕೆಮ್ಮು, ಎದೆನೋವು ಶುರುವಾಗುತ್ತದೆ. ನ್ಯುಮೋನಿಯಾ ಎಂದೋ ಟಿಬಿ ಎಂದೋ ಅನಿಸಿಬಿಡುತ್ತದೆ. ಕವಾಟ ಕೆಟ್ಟು ಆಪರೇಷನ್ ಬೇಕಾದರೆ ನಮ್ಮವರು ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಓಡುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಆ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ಇನ್ನೂ ಯಾರಿಗೂ ಮರೆತಿಲ್ಲ.

ಯಾವ ಬ್ಯಾಕ್ಟೀರಿಯಾ ಎಂದು ಗೊತ್ತಾಗಲು ರಕ್ತವನ್ನು ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಬೇಕು, ಅದೂ ಆಂಟಿಬಯೋಟಿಕ್ ಕೊಡುವ ಮೊದಲೇ. ಕವಾಟದ ಸೋಂಕಾದರೆ ಸಾಮಾನ್ಯವಾಗಿ 4ರಿಂದ 6 ವಾರ ಚಿಕಿತ್ಸೆ ಬೇಕು. ಹುಡುಗ ಚುಚ್ಚಿಕೊಳ್ಳುವ ವಿಷಯ ಡಾಕ್ಟರಿಗೆ ಮೊದಲ ದಿನವೇ ಗೊತ್ತಾಗಬೇಕು. ಅದಕ್ಕೆ ಅವರು ಬೈಯದೆ ಕೇಳಬೇಕು, ಮನೆಯವರು ಸ್ವಲ್ಪ ಹೊತ್ತು ಹೊರಗೆ ಕೂರಬೇಕು.