ಆಷಾಢದ ಗಾಳಿಯಲ್ಲಿ ಸೆಸ್ನಾ ವಿಮಾನ ಹಾರಿಸಬಹುದಾ?

ಆಷಾಢ ಬಂತೆಂದರೆ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ಬೆಳಗಾಗುತ್ತಲೇ ಹಾರಾಟ ಕಲಿಯುವ ವಿದ್ಯಾರ್ಥಿಗಳು ನನ್ನನ್ನು ಕೇಳುವುದು ಒಂದೇ. "ಸರ್, ಇವತ್ತು ಹಾರಬಹುದಾ?" ಗಾಳಿ ಯಾವ ಕಡೆಯಿಂದ ಅಂತ ನಾನು ತಿರುಗಿ ಕೇಳುತ್ತೇನೆ. ಎಷ್ಟು ಜೋರು ಅನ್ನೋದು ಆಮೇಲಿನ ಮಾತು.

ನಮ್ಮಲ್ಲಿರುವುದು ಒಂದೇ ರನ್‌ವೇ, 08-26, ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಅಂಕಿಗೊಂದು ಸೊನ್ನೆ ಸೇರಿಸಿದರೆ ಅದೇ ದಿಕ್ಕು: 26 ಅಂದರೆ 260 ಡಿಗ್ರಿ, ಪಶ್ಚಿಮಕ್ಕೆ ಮುಖ. ಮಳೆಗಾಲದಲ್ಲಿ ಗಾಳಿ ಪಶ್ಚಿಮದ ಕಡೆಯಿಂದಲೇ ಬರೋದು ಜಾಸ್ತಿ, ಹಾಗಾಗಿ 26ರಲ್ಲಿ ಇಳಿಯುವಾಗ ಅದು ಮೂತಿಗೇ ಹೊಡೆಯುತ್ತದೆ. ಅದು ಒಳ್ಳೆಯದೇ, ವಿಮಾನ ಬೇಗ ನಿಲ್ಲುತ್ತದೆ. ತೊಂದರೆ ಕೊಡುವುದು ಅಡ್ಡಗಾಳಿ. 240 ಡಿಗ್ರಿಯಿಂದ 18 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಬೀಸಿದರೂ ರನ್‌ವೇಗೆ ಅಡ್ಡವಾಗಿ ಸಿಗೋದು ಬರೀ 6. ಅದೇ 200 ಡಿಗ್ರಿಯಿಂದ 14 ನಾಟ್ ಬಂದರೆ ಅಡ್ಡಕ್ಕೆ 12. ಕೇಳೋಕೆ ಕಡಿಮೆ ಗಾಳಿ, ಇಳಿಸೋಕೆ ಎರಡು ಪಟ್ಟು ಕಷ್ಟ. ಗಾಳಿಗೂ ರನ್‌ವೇಗೂ ನಡುವಿನ ಕೋನ 30 ಡಿಗ್ರಿ ಇದ್ದರೆ ಗಾಳಿಯ ಅರ್ಧ, 45ಕ್ಕೆ ನೂರಕ್ಕೆ 70, 60 ದಾಟಿದರೆ ಪೂರ್ತಿ ಅಡ್ಡ ಅಂತಲೇ ಹಿಡಿಯಿರಿ.

ಸೆಸ್ನಾ 172ರ ಕೈಪಿಡಿಯಲ್ಲಿ 15 ನಾಟ್ ಅಂತ ಇದೆಯಲ್ಲಾ ಅನ್ನುತ್ತಾರೆ. ಅಷ್ಟು ಅಡ್ಡಗಾಳಿಯಲ್ಲಿ ಕಂಪನಿಯ ಪರೀಕ್ಷಾ ಪೈಲಟ್ ಇಳಿಸಿ ತೋರಿಸಿದ್ದಾರೆ, ಅಷ್ಟೇ ಅದರ ಅರ್ಥ. ನಲವತ್ತು ಗಂಟೆ ಹಾರಿದವರಿಗೆ ಅದು ಲೆಕ್ಕವಲ್ಲ. ಒಬ್ಬರೇ ಹಾರುವ ನನ್ನ ವಿದ್ಯಾರ್ಥಿಗಳಿಗೆ ಅಡ್ಡಗಾಳಿಯ ಮಿತಿ 8 ನಾಟ್, ಗಸ್ಟ್ (ತಟ್ಟನೆ ಏಳುವ ಜೋರು ಗಾಳಿ) ಸೇರಿಸಿ. ಈ ಅಂಕಿಯನ್ನು ಹಿಂದಿನ ರಾತ್ರಿಯೇ ಬರೆದಿಡಿ ಅನ್ನುತ್ತೇನೆ, ಯಾಕೆಂದರೆ ಹೆಡ್‌ಸೆಟ್ ಹಿಡಿದು ವಿಮಾನದ ಪಕ್ಕ ನಿಂತ ಮೇಲೆ ಎಂಥವರಿಗೂ ಮನಸ್ಸು ಹಾರೋ ಕಡೆಗೇ ವಾಲುತ್ತದೆ.

ಒಮ್ಮೆ ಹೀಗೇ ಒಬ್ಬಳು ಹೊರಟು ನಿಂತಿದ್ದಳು. ಗಾಳಿ 230ರಿಂದ 12 ನಾಟ್, ಗಸ್ಟ್ 20. "ಅಡ್ಡಗಾಳಿ 6 ಅಷ್ಟೇ ಸರ್, ಟೇಕಾಫ್‌ಗೆ ಏನೂ ತೊಂದರೆ ಇಲ್ಲ ಅಲ್ವಾ?" ಇಬ್ಬರೂ ಹ್ಯಾಂಗರ್ ಮುಂದೆ ನಿಂತು ಐದು ನಿಮಿಷ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಕೊಳವೆ, ವಿಂಡ್‌ಸಾಕ್ ನೋಡಿದೆವು. ನೆಟ್ಟಗೆ ಚಾಚಿಕೊಳ್ಳೋದು, ತಟ್ಟನೆ ಬಾಲ ಇಳಿಬೀಳೋದು, ಪಕ್ಕಕ್ಕೊಮ್ಮೆ ತಿರುಗಿ ಮತ್ತೆ ಚಾಚಿಕೊಳ್ಳೋದು. "ನೋಡಮ್ಮ, ಗಸ್ಟ್ ಬಂದಾಗ ಅಡ್ಡಕ್ಕೆ 10. ನಿನ್ನ ಅಂಕಿ ಎಷ್ಟು?" ಅವಳು ಹೆಡ್‌ಸೆಟ್ ಚೀಲಕ್ಕೆ ಹಾಕಿದಳು.

ಟೇಕಾಫ್ ಬಗ್ಗೆ ಅವಳು ಹೇಳಿದ್ದು ಸರಿಯೇ. ಏರುವಾಗ ವೇಗ ಕೂಡುತ್ತಾ ಹೋಗುತ್ತದೆ, ಮೂತಿ ತಿರುಗಿಸುವ ಬಾಲದ ರಡ್ಡರ್ ಕಾಲಿಗೆ ಚೆನ್ನಾಗಿ ಸಿಗುತ್ತದೆ. ಇಳಿಯುವಾಗ ಉಲ್ಟಾ. ವೇಗ ಇಳಿದಷ್ಟೂ ಹಿಡಿತ ಸಡಿಲ, ಆ ಹೊತ್ತಿಗೇ ಒಂದು ಗಸ್ಟ್ ಬಂದು ಪಕ್ಕಕ್ಕೆ ತಳ್ಳಿಬಿಟ್ಟರೆ? ಅದೂ ಅಲ್ಲದೆ ಬಿಸಿಲೇರಿ ನೆಲ ಕಾದ ಹಾಗೆ ಮೇಲಿನ ಜೋರು ಗಾಳಿ ಕೆಳಗಿಳಿಯುತ್ತದೆ. ಏಳು ಗಂಟೆಗೆ ಸುಮ್ನಿದ್ದ ಗಾಳಿ ಹನ್ನೊಂದಕ್ಕೆ ಹಾಗೇ ಇರೋದಿಲ್ಲ. ಹೊರಡುವ ಹೊತ್ತಿನ ಗಾಳಿಯ ಜೊತೆಗೆ ವಾಪಸ್ ಬರುವ ಹೊತ್ತಿನದನ್ನೂ ಕೇಳಿ.

ಅನುಭವಿಗಳು ಹೊರಟರೆ ಒಂದೆರಡು ಮಾತು. ಇಳಿಯುವಾಗ ಗಸ್ಟ್ ಎಷ್ಟು ಹೆಚ್ಚಿದೆಯೋ ಅದರ ಅರ್ಧವನ್ನು ವೇಗಕ್ಕೆ ಸೇರಿಸಿ. 12ಕ್ಕೆ 20 ಅಂದರೆ 4 ನಾಟ್. ಮೂತಿ ರನ್‌ವೇಗೆ ನೇರ ನಿಲ್ಲುತ್ತಿಲ್ಲ ಅಂದರೆ ಪೂರ್ತಿ ಪವರ್ ಕೊಟ್ಟು ಮೇಲೇಳಿ. ಚಕ್ರ ನೆಲ ಮುಟ್ಟಿತು ಅಂತ ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯಂಚಿನ ಪಟ್ಟಿ) ಬಿಟ್ಟುಬಿಡುವವರನ್ನು ತುಂಬಾ ನೋಡಿದ್ದೇನೆ. 172ರ ರೆಕ್ಕೆ ಮೇಲಿದೆ, ನೆಲದ ಮೇಲೆ ಓಡಿಸುತ್ತಾ ಟ್ಯಾಕ್ಸಿ ಮಾಡುವಾಗಲೂ ಗಾಳಿ ಅದರಡಿ ನುಗ್ಗುತ್ತದೆ. ಎದುರಿನ ಓರೆಗಾಳಿಗೆ ಯೋಕ್ (ಕೈಯಲ್ಲಿ ಹಿಡಿಯುವ ಸ್ಟೀರಿಂಗ್) ಗಾಳಿ ಬರುವ ಕಡೆಗೆ, ಹಿಂದಿನಿಂದ ಬಂದರೆ ಅದು ಬರದ ಕಡೆಗೆ ತಿರುಗಿಸಿ ಮುಂದಕ್ಕೆ ಒತ್ತಿ. ರೆಕ್ಕೆಗೆ ಹಗ್ಗ ಕಟ್ಟುವವರೆಗೂ ಹೀಗೇ.