ಸ್ಪೀಕರನ್ನು ಪೂರ್ತಿ ಸ್ಟೀಲಿನಲ್ಲೇ ಮಾಡಿದರೆ ಆಗದೇ?

ಓದುಗರ ಪ್ರಶ್ನೆ: ನಮ್ಮ ಬೋಟಿನ ಮೇಲಿನ ಹಾರ್ನ್ ಸ್ಪೀಕರ್ ಎರಡು ಸೀಸನ್ನಿಗಿಂತ ಹೆಚ್ಚು ಬಾಳುವುದಿಲ್ಲ, ತುಕ್ಕು ತಿಂದು ಹೋಗುತ್ತದೆ. ಹಡಗಿಗೆಂದೇ ಮಾಡುವ ಸ್ಪೀಕರನ್ನು ಪೂರ್ತಿ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಬಿಟ್ಟರೆ ಈ ತಾಪತ್ರಯವೇ ಇರುವುದಿಲ್ಲವಲ್ಲ? ಯಾಕೆ ಮಾಡುವುದಿಲ್ಲ?

ಈ ಪ್ರಶ್ನೆಗೆ ಬೋಟು ನಿಲ್ಲುವ ದಕ್ಕೆಯಲ್ಲಿ ನಿಂತು ಉತ್ತರ ಹೇಳಿದ್ದೇನೆ, ಫೋನಿನಲ್ಲಿ ಹೇಳಿದ್ದೇನೆ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂತೂ ಹೇಳಿದ್ದೇನೆ. ಬೋಟಿನ ಮಾಲೀಕರು ಕೇಳುತ್ತಾರೆ, ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಸೇರಿದ ಹುಡುಗರು ಕೇಳುತ್ತಾರೆ. ಎಲ್ಲವನ್ನೂ ಕೇಳಿಸಿಕೊಂಡು, ತಲೆಯಾಡಿಸಿ, ಮುಂದಿನ ವರ್ಷ ಮತ್ತೆ ಸ್ಟೀಲಿನ ಡಬ್ಬವನ್ನೇ ಮಾಡಿಸಿಕೊಂಡು ಬರುತ್ತಾರೆ. ಹಾಗಾಗಿ ಈ ಸಲ ಪೂರ್ತಿಯಾಗಿ ಬರೆದೇ ಇಡುತ್ತೇನೆ.

ಚಿಕ್ಕ ಉತ್ತರ ಎರಡೇ ಮಾತಿನದು. ಸ್ಪೀಕರಿನ ಒಳಗಿನ ಮುಖ್ಯ ಭಾಗ ಮೆದು ಕಬ್ಬಿಣದ್ದೇ ಆಗಿರಬೇಕು, ಕಡಲಿಗೆ ಬಳಸುವಂಥ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದರೆ ಅದು ಸ್ಪೀಕರ್ ಆಗಿ ಕೆಲಸ ಮಾಡುವುದೇ ಇಲ್ಲ. ಹೊರಮೈಯನ್ನು ಬೇಕಾದರೆ ಸ್ಟೀಲಿನಲ್ಲಿ ಮಾಡಬಹುದು, ಆದರೆ ಸ್ಟೀಲಿಗೂ ತುಕ್ಕು ಹಿಡಿಯುತ್ತದೆ. ಮೊದಲನೆಯ ಮಾತನ್ನು ಜನ ಹೇಗೋ ಒಪ್ಪುತ್ತಾರೆ. ಎರಡನೆಯದನ್ನು ಹೇಳಿದರೆ ನನ್ನ ಮುಖವನ್ನೇ ಅನುಮಾನದಿಂದ ನೋಡುತ್ತಾರೆ. ಅದನ್ನೇ ಮೊದಲು ಬಿಡಿಸುತ್ತೇನೆ.

ಸ್ಟೀಲ್ ಎಂದರೆ ತುಕ್ಕು ಹಿಡಿಯದ ಲೋಹ ಎಂಬ ನಂಬಿಕೆ ನಮಗೆ ಬಂದಿರುವುದು ಅಡುಗೆಮನೆಯಿಂದ. ಅಜ್ಜಿಯ ಮದುವೆಗೆ ಕೊಟ್ಟ ಲೋಟ ಇವತ್ತಿಗೂ ಫಳಫಳ ಹೊಳೆಯುತ್ತಿದೆ, ನಿಜ. ಆದರೆ ಆ ಲೋಟ ಬದುಕಿರುವ ರೀತಿಯನ್ನು ನೋಡಿ: ದಿನಕ್ಕೆರಡು ಸಲ ಸಿಹಿನೀರಿನ ಸ್ನಾನ, ಆಮೇಲೆ ಬೋರಲು ಹಾಕಿ ಗಾಳಿಗೆ ಆರಿಸುವುದು. ಯಾವ ಬೋಟಿನ ಸ್ಪೀಕರಿಗೆ ಆ ಭಾಗ್ಯವಿದೆ? ಅದೇ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಮಾತ್ರ ಯಾಕೆ ಭರಣಿಯಲ್ಲಿದೆ? ಹರಳುಪ್ಪನ್ನು ಸ್ಟೀಲ್ ಡಬ್ಬದಲ್ಲಿ ತುಂಬಿಸಿ ಒಂದು ಮಳೆಗಾಲ ಕಳೆಯಲಿ, ಆಮೇಲೆ ಡಬ್ಬ ಖಾಲಿ ಮಾಡಿ ತಳವನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ಕಂದು ಚುಕ್ಕೆಗಳು, ಉಗುರಿಗೆ ತಾಗುವಂಥ ಗುಳಿಗಳು ಕಾಣಿಸುತ್ತವೆ. ಸ್ಟೀಲಿನ ಬಗ್ಗೆ ನಾನು ಹೇಳಬೇಕಾದದ್ದನ್ನೆಲ್ಲ ಆ ಡಬ್ಬದ ತಳ ಆಗಲೇ ಹೇಳಿದೆ.

ಒಳಗೆ ನಡೆಯುವುದು ಇಷ್ಟು. ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಶೇಕಡಾ 10.5ಕ್ಕೆ ಕಡಿಮೆಯಿಲ್ಲದಷ್ಟು ಕ್ರೋಮಿಯಂ ಸೇರಿಸಿದ ಕಬ್ಬಿಣ. ಅದು ಮೂಲದಲ್ಲಿ ಕಬ್ಬಿಣವೇ ಎಂಬುದನ್ನು ದಯವಿಟ್ಟು ಮರೆಯಬೇಡಿ. ಗಾಳಿಯ ಆಮ್ಲಜನಕ ತಾಗಿದೊಡನೆ ಕ್ರೋಮಿಯಂ ತನ್ನ ಆಕ್ಸೈಡಿನ ಒಂದು ಪೊರೆ ಕಟ್ಟುತ್ತದೆ. ದಪ್ಪ ಕೆಲವೇ ನ್ಯಾನೊಮೀಟರ್, ಕಣ್ಣಿಗೆ ಕಾಣುವುದಿಲ್ಲ. ಗೀರು ಬಿದ್ದರೆ ಗಾಳಿಯಿಂದಲೇ ಆಮ್ಲಜನಕ ತೆಗೆದುಕೊಂಡು ಮತ್ತೆ ಕೂಡಿಕೊಳ್ಳುತ್ತದೆ. ಈ ಲೋಹದ ದೊಡ್ಡಗುಣ ಅದು, ಸೂಕ್ಷ್ಮವೂ ಅದೇ. ಗಾಳಿ ತಾಗದ ಕಡೆ ಪೊರೆ ರಿಪೇರಿಯಾಗುವುದಿಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನೇ ತೂತು ಮಾಡುತ್ತದೆ.

ಈಗ ಹಾರ್ನನ್ನು ನೆನಪಿಸಿಕೊಳ್ಳಿ. ಸ್ಕ್ರೂ ತಲೆಯ ಅಡಿ, ವಾಶರಿನ ಕೆಳಗೆ, ರಬ್ಬರ್ ಗ್ಯಾಸ್ಕೆಟ್ಟಿನ ಅಂಚಿನಲ್ಲಿ, ಬ್ರಾಕೆಟ್ಟಿನ ಮಡಿಕೆಯಲ್ಲಿ ಎಲ್ಲ ಕಡೆ ಸಂದಿಗಳೇ. ಸಂದಿಯೊಳಗೆ ಹೊಕ್ಕ ಉಪ್ಪುನೀರು ಅಲ್ಲೇ ನಿಲ್ಲುತ್ತದೆ. ಅದರಲ್ಲಿದ್ದ ಆಮ್ಲಜನಕ ಮುಗಿಯುತ್ತದೆ, ಹೊಸದು ಬರುವುದಿಲ್ಲ. ಕ್ಲೋರೈಡ್ ಒಳಗೊಳಗೇ ಸೇರುತ್ತ ಹೋಗುತ್ತದೆ, ನೀರು ಹುಳಿಯಾಗುತ್ತದೆ, ಆ ಹುಳಿ ಲೋಹವನ್ನು ಕೊರೆಯುತ್ತದೆ. ಹೊರಮೈ ಕನ್ನಡಿಯಂತಿದ್ದು ಸ್ಕ್ರೂವಿನ ಬುಡದಿಂದ ಕಂದು ಕಣ್ಣೀರು ಇಳಿದಂತೆ ಕಲೆ ಕಂಡರೆ ಇದೇ ನಡೆಯುತ್ತಿದೆ ಎಂದು ತಿಳಿಯಿರಿ. ಬಿಗಿಯಾಗಿ ಮುಚ್ಚಿದಷ್ಟೂ ಭದ್ರ ಎಂದು ಎಲ್ಲರೂ ಸ್ಕ್ರೂವನ್ನು ಇನ್ನೊಂದು ಸುತ್ತು ತಿರುಗಿಸುತ್ತಾರೆ. ಸ್ಟೀಲಿಗೆ ಬೇಕಾದದ್ದು ಗಾಳಿ.

ಇಲ್ಲಿಗೆ ಬಂದಾಗ ಯಾರಾದರೊಬ್ಬರು ಜೇಬಿನಿಂದ ಅಯಸ್ಕಾಂತ ತೆಗೆಯುತ್ತಾರೆ. "ಅಂಟುವುದಿಲ್ಲ ನೋಡಿ, ಇದು ಒಳ್ಳೆಯ ಸ್ಟೀಲ್." ಈ ಪರೀಕ್ಷೆಯನ್ನು ನಮ್ಮ ಕರಾವಳಿಯಿಂದ ಓಡಿಸಲು ಎಷ್ಟು ವರ್ಷ ಬೇಕೋ! 304 ಎಂಬ ದರ್ಜೆಯಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕೆಲ್ ಇರುತ್ತದೆ, ಅಯಸ್ಕಾಂತ ಅಂಟುವುದಿಲ್ಲ. ಕಡಲಿಗೆ ಹೇಳಿದ್ದು 316. ಅದರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಹೆಚ್ಚಿಗೆ ಇರುತ್ತದೆ, ಅದಕ್ಕೂ ಅಂಟುವುದಿಲ್ಲ. ನಿಕ್ಕೆಲ್ ಉಳಿಸಲು ಮ್ಯಾಂಗನೀಸ್ ಸೇರಿಸಿದ, ಕಡಲಿನ ಹತ್ತಿರವೂ ತರಬಾರದ 200ರ ಸರಣಿಯ ಅಗ್ಗದ ಸ್ಟೀಲಿಗೂ ಅಂಟುವುದಿಲ್ಲ. ಇನ್ನೊಂದೆಡೆ ಒಳ್ಳೆಯ 304 ತಗಡನ್ನೇ ಬಗ್ಗಿಸಿ ತಟ್ಟಿ ಆಕಾರ ಕೊಟ್ಟರೆ ಬಗ್ಗಿಸಿದ ಜಾಗಕ್ಕೆ ಅಯಸ್ಕಾಂತ ಅಲ್ಪಸ್ವಲ್ಪ ಅಂಟುತ್ತದೆ. ಹೀಗಾಗಿ ಈ ಪರೀಕ್ಷೆಯಲ್ಲಿ ಕೆಟ್ಟದ್ದು ಪಾಸಾಗುತ್ತದೆ, ಒಳ್ಳೆಯದು ಫೇಲಾಗುತ್ತದೆ. ದರ್ಜೆ ಗೊತ್ತಾಗಬೇಕಾದರೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಮಾಲಿಬ್ಡಿನಂ ಪತ್ತೆಹಚ್ಚುವ ರಾಸಾಯನಿಕ ಹನಿಯಿಂದ ಪರೀಕ್ಷಿಸಿ. 316 ಕೂಡ ಸಂದಿಯಲ್ಲಿ ಸೋಲುತ್ತದೆ, ಸ್ವಲ್ಪ ತಡವಾಗಿ.

"ಪ್ರತಿ ಟ್ರಿಪ್ ಮುಗಿದ ಮೇಲೆ ಬಿಸಿಲಿಗೆ ಒಣಗಿಸುತ್ತೇವಲ್ಲ" ಎನ್ನುವವರಿಗೂ ಒಂದು ಮಾತು. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಅದರಲ್ಲಿ ಹೆಚ್ಚಿನ ಪಾಲು ನಾವು ತಿನ್ನುವ ಉಪ್ಪು. ಜೊತೆಗೆ ಮೆಗ್ನೀಸಿಯಂ ಕ್ಲೋರೈಡ್ ಇರುತ್ತದೆ. ತಿನ್ನುವ ಉಪ್ಪು ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ನೀರು ಎಳೆದುಕೊಂಡು ಕರಗುತ್ತದೆ. ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡಾ 33 ಸಾಕು. ಕರಾವಳಿಯ ಗಾಳಿ ಅದಕ್ಕಿಂತ ಒಣಗುವುದು ಅಪರೂಪ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಹರಳುಪ್ಪಿನ ಭರಣಿಯ ತಳದಲ್ಲಿ ನೀರು ಒಸರುವುದನ್ನು ಕಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಲಿಗೆ ಇಟ್ಟಾಗ ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಸಂಜೆಯ ಗಾಳಿಗೆ ಆ ಉಪ್ಪು ಮತ್ತೆ ಒದ್ದೆಯಾಗುತ್ತದೆ. ಒಂದು ಬಕೆಟ್ ಸಿಹಿನೀರಿನಲ್ಲಿ ತೊಳೆದರೆ ಆಗುವ ಉಪಕಾರ ಒಂದು ವಾರದ ಬಿಸಿಲಿನಿಂದ ಆಗುವುದಿಲ್ಲ.

ನೀರು ಒಳಗೆ ಹೋಗುವುದಿಲ್ಲವೆಂದು ಸ್ಪೀಕರಿನ ಮೇಲೆ ಹಾಕುವ ಐಪಿ 67 ಎಂಬ ಗುರುತಿನ ಬಗ್ಗೆಯೂ ಕೇಳುತ್ತೀರಿ. ಅದು ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡುವ ಪರೀಕ್ಷೆ. ಉಪ್ಪಿನ ಮಂಜಿನ ಪರೀಕ್ಷೆ ಬೇರೆಯೇ ಇದೆ. ಅದರಲ್ಲಿ ಶೇಕಡಾ 5ರ ಉಪ್ಪುನೀರನ್ನು 35 ಡಿಗ್ರಿ ಶಾಖದಲ್ಲಿ ಸಿಂಪಡಿಸುತ್ತಲೇ ಇರುತ್ತಾರೆ. ಕೊಳ್ಳುವಾಗ ಅದನ್ನು ಕೇಳಿ.

ಇನ್ನು ಒಳಗಿನ ಮಾತು. ಆಗಸ್ಟಿನಲ್ಲಿ, ಮೀನುಗಾರಿಕೆಯ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿಯುವ ಗಡಿಬಿಡಿಯಲ್ಲಿ, ಬೋಟು ನಡೆಸುವ ತಾಂಡೇಲರೊಬ್ಬರು ಹಾರ್ನೊಂದನ್ನು ಹೆಗಲ ಮೇಲಿಟ್ಟುಕೊಂಡು ಬಂದರು. "ಸ್ಟೀಲಿನದ್ದೇ ಮಾಡಿಸಿದ್ದು ಮಾರಾಯರೇ, ಒಂದೇ ವರ್ಷಕ್ಕೆ ಸ್ವರ ಹೋಯಿತು." ಹೊರಗಿನ ಬಟ್ಟಲು ಹೊಳೆಯುತ್ತಿತ್ತು. ಮೀಟರ್ ಹಿಡಿದರೆ ಕಾಯಿಲ್ (ಕರೆಂಟು ಹರಿದಾಗ ಅಲುಗಿ ಸ್ವರ ಹೊರಡಿಸುವ ತಂತಿಸುರುಳಿ) ಆರೂವರೆ ಓಮ್ ತೋರಿಸಿತು, ಎಂದರೆ ಕಾಯಿಲ್ ಸುಟ್ಟಿಲ್ಲ. ಹಿಂದಿನ ಮುಚ್ಚಳದ ನಾಲ್ಕು ಸ್ಕ್ರೂಗಳಲ್ಲಿ ಎರಡು ತಿರುಗಲೇ ಇಲ್ಲ, ಕೊರೆದು ತೆಗೆಯಬೇಕಾಯಿತು. ಮುಚ್ಚಳ ಎತ್ತಿದಾಗ ಗ್ಯಾಸ್ಕೆಟ್ಟಿನ ಒಳ ಅಂಚಿನಲ್ಲಿ ಬಿಳಿ ಉಪ್ಪಿನ ಉಂಗುರ, ವಯರಿನ ತುದಿಯಲ್ಲಿ ಹಸಿರು ಹುಡಿ. ಕಾಯಿಲಿಗೆ ಅಂಟಿ ಅದರೊಡನೆ ಕಂಪಿಸುವ ತೆಳು ಹಾಳೆಯನ್ನು, ಎಂದರೆ ಡಯಾಫ್ರಾಮನ್ನು, ಬೆರಳ ತುದಿಯಿಂದ ಒತ್ತಿದೆ, ಅಲುಗಲಿಲ್ಲ. ಕಾಯಿಲ್ ಕೂರುವ ಉಂಗುರದಂಥ ಸೀಳಿನಲ್ಲಿ ಕೆಂಪು ತುಕ್ಕು ಉಬ್ಬಿ ಕಾಯಿಲನ್ನು ಎರಡೂ ಬದಿಯಿಂದ ಕಚ್ಚಿ ಹಿಡಿದಿತ್ತು. ಆ ಸೀಳಿನಲ್ಲಿ ಕಾಯಿಲಿನ ಆಚೀಚೆ ಉಳಿಯುವುದು ಮಿಲಿಮೀಟರಿನ ಕಾಲು ಭಾಗದಷ್ಟು ಜಾಗ. ಕಬ್ಬಿಣ ತುಕ್ಕಾದಾಗ ಎರಡರಿಂದ ಆರು ಪಟ್ಟು ಉಬ್ಬುತ್ತದೆ. ಹಾಗಾಗಿ ಕಣ್ಣಿಗೆ ಕಾಣದಷ್ಟು ತುಕ್ಕು ಸಾಕು, ಸ್ವರ ಕಟ್ಟುತ್ತದೆ.

ಆ ಸೀಳಿನ ಗೋಡೆಗಳು ಯಾಕೆ ಕಬ್ಬಿಣದವು? ಅಯಸ್ಕಾಂತದ ಬಲವನ್ನು ಒಯ್ದು ಕಾಯಿಲಿನ ಸುತ್ತ ಒಟ್ಟುಗೂಡಿಸುವುದು ಅವುಗಳ ಕೆಲಸ. ಮೆದು ಕಬ್ಬಿಣ ಆ ಬಲಕ್ಕೆ ಹೆದ್ದಾರಿಯಿದ್ದಂತೆ. 304 ಮತ್ತು 316 ಅದನ್ನು ಒಯ್ಯುವುದಿಲ್ಲ. ನೀವೇ ಅಯಸ್ಕಾಂತ ಹಿಡಿದು ತೋರಿಸಿದಿರಲ್ಲ, ಅಂಟುವುದಿಲ್ಲ ಎಂದು! ಅಯಸ್ಕಾಂತವೇ ಅಂಟದ ಲೋಹದಲ್ಲಿ ಸ್ಪೀಕರಿನ ಒಡಲು ಮಾಡಿದರೆ ಕಾಯಿಲನ್ನು ತಳ್ಳುವ ಶಕ್ತಿಯೇ ಇರುವುದಿಲ್ಲ. ಹಾಗಾಗಿ ಕಡಲಿನ ಸ್ಪೀಕರಿನ ವಿನ್ಯಾಸವೆಂದರೆ ತುಕ್ಕು ಹಿಡಿದೇ ತೀರುವ ಒಂದು ಕಬ್ಬಿಣದ ತುಂಡನ್ನು ಉಪ್ಪಿನಿಂದ ದೂರ ಕಾಪಾಡುವ ಕೆಲಸ. ಉಳಿದದ್ದೆಲ್ಲ ಅದರ ಸುತ್ತ ಕಟ್ಟಿದ ಬೇಲಿ.

ಒಳ್ಳೆಯ ಹಾರ್ನಿನಲ್ಲಿ ಆ ಕಬ್ಬಿಣಕ್ಕೆ ನಿಕ್ಕೆಲ್ ಅಥವಾ ಸತುವಿನ ಲೇಪ ಕೊಟ್ಟಿರುತ್ತಾರೆ. ಅಯಸ್ಕಾಂತ ಫೆರೈಟ್ ಆಗಿರುತ್ತದೆ. ಫೆರೈಟ್ ಮೂಲತಃ ಕಬ್ಬಿಣದ ಆಕ್ಸೈಡ್, ತುಕ್ಕು ಹಿಡಿಯಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ತೂಕ ಕಡಿಮೆಯೆಂದು ನಿಯೋಡಿಮಿಯಂ ಅಯಸ್ಕಾಂತ ಹಾಕಿದರೆ ಅದರ ಲೇಪ ಬಿರಿದ ದಿನವೇ ಪುಡಿಯಾಗಲು ಶುರು. ಬಟ್ಟಲು ಎಬಿಎಸ್ ಪ್ಲಾಸ್ಟಿಕ್ ಅಥವಾ ಫೈಬರ್‌ಗ್ಲಾಸಿನದು. ಪ್ಲಾಸ್ಟಿಕ್ ಎಂದರೆ ಕಳಪೆ ಎಂದು ಮೂಗು ಮುರಿಯಬೇಡಿ, ಕಡಲಿನ ಮೇಲೆ ಅದೇ ಸರಿ. ಕೊಂಬು ಒಳಗೊಳಗೇ ಮಡಚಿರುವುದರಿಂದ ಸಿಡಿದ ನೀರು ನೇರವಾಗಿ ಡಯಾಫ್ರಾಮಿಗೆ ಹೋಗುವುದಿಲ್ಲ. ಆದರೆ ಬಾಯಿಯನ್ನು ಆಕಾಶಕ್ಕೆ ಎತ್ತಿ ಕಟ್ಟಿದರೆ ಆ ಮಡಿಕೆಯೇ ನೀರಿನ ತೊಟ್ಟಿಯಾಗುತ್ತದೆ. ಬಾಯಿ ಸ್ವಲ್ಪ ಕೆಳಗೆ ಬಾಗಿರಲಿ. ವಯರ್ ತವರ ಲೇಪದ ತಾಮ್ರದ್ದೇ ಆಗಬೇಕು. ಬರಿಯ ತಾಮ್ರದ ಎಳೆಗಳಾದರೆ ಉಪ್ಪುನೀರು ದೀಪದ ಬತ್ತಿಯೊಳಗೆ ಎಣ್ಣೆ ಏರಿದಂತೆ ಪ್ಲಾಸ್ಟಿಕ್ಕಿನ ಒಳಗೊಳಗೇ ಏರಿ ಗೇಣುದ್ದ ಕಪ್ಪಾಗಿಸುತ್ತದೆ. ವಯರ್ ಕೆಳಗಿನಿಂದ ಒಳಗೆ ಹೋಗಲಿ.

ಹಾರ್ನಿನ ತಳದ ಪುಟ್ಟ ತೂತನ್ನು ಮುಚ್ಚಬೇಡಿ, ಕೈಮುಗಿದು ಕೇಳುತ್ತೇನೆ. ಹಗಲು ಬಿಸಿಲಿಗೆ ಡಬ್ಬದೊಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ತಣಿದಾಗ ಉಪ್ಪುಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎಷ್ಟು ಬಿಗಿ ಮಾಡಿದರೂ ಎಲ್ಲಿಂದಲೋ ಎಳೆಯುತ್ತದೆ. ಬಂದ ನೀರು ಇಳಿದುಹೋಗಲು ಆ ತೂತು ಇರುವುದು. ಬೆಲೆಬಾಳುವ ಹಾರ್ನುಗಳಲ್ಲಿ ಅದರ ಜಾಗದಲ್ಲಿ ಗಾಳಿ ಬಿಟ್ಟು ನೀರು ತಡೆಯುವ ಪೊರೆ ಇರುತ್ತದೆ. ಅದರ ಮೇಲೆ ಸಿಲಿಕೋನ್ ಅಂಟು ಬಳಿದು ತಂದವರನ್ನು ಕಂಡಿದ್ದೇನೆ. ಅಂಟಿಗೆ ವಿನೆಗರಿನಂಥ ಹುಳಿ ವಾಸನೆ ಇದ್ದರೆ ಇನ್ನೂ ಕೆಟ್ಟದ್ದು, ಅದು ಒಣಗುವಾಗ ಬಿಡುವ ಆಮ್ಲ ಒಳಗಿನ ತಾಮ್ರವನ್ನೂ ಕಬ್ಬಿಣವನ್ನೂ ತಿನ್ನುತ್ತದೆ.

ಅಲ್ಯೂಮಿನಿಯಂ ಬ್ರಾಕೆಟ್ಟಿಗೆ ಸ್ಟೀಲ್ ಸ್ಕ್ರೂ ಹಾಕುವಾಗ ನಡುವೆ ನೈಲಾನ್ ವಾಶರ್ ಇಡಿ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು ಎಂದರೆ ಅದೊಂದು ಬ್ಯಾಟರಿ. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಬ್ರಿಟಿಷ್ ನೌಕಾಪಡೆ ಇದನ್ನು 1760ರ ದಶಕದಲ್ಲೇ ಕಂಡಿತ್ತು. ಅಲಾರ್ಮ್ ಎಂಬ ಯುದ್ಧನೌಕೆಯ ತಳಕ್ಕೆ 1761ರಲ್ಲಿ ತಾಮ್ರದ ತಗಡು ಹೊದಿಸಿದರು. ಎರಡು ವರ್ಷ ಬಿಟ್ಟು ನೋಡಿದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಸವೆದುಹೋಗಿದ್ದವು. ತಗಡಿಗೆ ಸುತ್ತಿ ಬಂದಿದ್ದ ಕಂದು ಕಾಗದ ಎಲ್ಲಿ ನಡುವೆ ಸಿಕ್ಕಿಕೊಂಡು ಉಳಿದಿತ್ತೋ ಅಲ್ಲಿನ ಮೊಳೆಗಳು ಗಟ್ಟಿಯಾಗಿದ್ದವು. ನಾನು ಹೇಳುವ ನೈಲಾನ್ ವಾಶರ್ ಆ ಕಾಗದವೇ.

ಇಷ್ಟೆಲ್ಲ ಒತ್ತಿ ಹೇಳುವುದು ಹಾಡು ಕೇಳಿಸಲಿ ಎಂದಲ್ಲ. ಏಳು ಅಥವಾ ಹೆಚ್ಚು ಗಿಡ್ಡ ಸದ್ದು, ಆಮೇಲೆ ಒಂದು ಉದ್ದ ಸದ್ದು: ಹಡಗಿನವರಿಗೆ ಇದರ ಅರ್ಥ ಗೊತ್ತು, ಅದು ತುರ್ತು ಕರೆ. ತುರ್ತು ಘೋಷಣೆ ತೆರೆದ ಡೆಕ್ಕಿನಲ್ಲಿ 80 ಡೆಸಿಬೆಲ್‌ಗಿಂತ ಕಡಿಮೆ ಇರಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ತುಕ್ಕು ಕಚ್ಚಿದ ಕಾಯಿಲಿಗೆ ಆ ನಿಯಮ ತಿಳಿಯುವುದಿಲ್ಲ.

ಯಾರೂ ಕೇಳದಿದ್ದರೂ ಒಂದು ಸಂಗತಿ ಹೇಳಬೇಕೆನಿಸುತ್ತದೆ. ಸ್ಪೀಕರ್ ಬರುವ ಮೊದಲಿನಿಂದಲೂ ಕಡಲಿನ ಮೇಲೆ ಬಾಳುತ್ತ ಬಂದ ಒಂದು ಧ್ವನಿ ಸಾಧನವಿದೆ, ಅದು ಗಂಟೆ. ಹಡಗುಗಳ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಇದಕ್ಕೆ ಖಚಿತ ಅಳತೆಗಳಿವೆ. 20 ಮೀಟರ್ ಅಥವಾ ಹೆಚ್ಚು ಉದ್ದದ ಹಡಗಿಗೆ ಗಂಟೆ ಬೇಕು, ಅದರ ಬಾಯಿಯ ಅಗಲ 300 ಮಿಲಿಮೀಟರಿಗೆ ಕಡಿಮೆ ಇರಬಾರದು, ಅದು ಸವೆತ ತಡೆಯುವ ಲೋಹದ್ದಾಗಿರಬೇಕು. ಗಂಟೆಯ ಕಂಚು ಯಾಕೆ ಬಾಳುತ್ತದೆ ಎಂಬುದನ್ನು ನಮ್ಮ ಭಾಷೆಯೇ ಗುರುತಿಸಿಟ್ಟಿದೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಕಂಚುಗಳಿಗೆ ಹಿಡಿಯುವುದು ಕಿಲುಬು. ತುಕ್ಕು ಪದರ ಪದರವಾಗಿ ಉದುರಿ ಹೊಸ ಕಬ್ಬಿಣವನ್ನು ಉಪ್ಪಿಗೆ ಒಡ್ಡುತ್ತದೆ. ಕಿಲುಬು ಮೈಗೆ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಮೇಲೆ ಹಸಿರುಗಟ್ಟಿದ ಗಂಟೆಯನ್ನೂ ಬಡಿದು ನೋಡಿ, ನಾದ ಹಾಗೇ ಇರುತ್ತದೆ.

ಹಳೆಯ ಗಂಟೆಗಳಲ್ಲಿ ಹೋಗುವುದು ನಾಲಿಗೆ. ಅದನ್ನು ತೂಗುಹಾಕಿದ ಕೊಂಡಿ ಹೆಚ್ಚಾಗಿ ಕಬ್ಬಿಣದ್ದಾಗಿರುತ್ತದೆ, ಅಲಾರ್ಮಿನ ಮೊಳೆಗಳ ಹಾಗೆ ಕಂಚಿಗೆ ತಾಗಿಕೊಂಡೇ ಇರುತ್ತದೆ. ನಿಮ್ಮ ಬೋಟಿನಲ್ಲಿ ಗಂಟೆಯಿದ್ದರೆ ನಾಳೆ ಬೆಳಿಗ್ಗೆ ಆ ಕೊಂಡಿಯನ್ನು ಬೆರಳಿನಿಂದ ಎಳೆದು ನೋಡಿ. ಸವೆದಿದ್ದರೆ ಕಂಚಿನ ಕೊಂಡಿ ಹಾಕಿಸಿ. ಅದು ಸಿಗುವ ತನಕ ಗಟ್ಟಿ ನೈಲಾನ್ ಹಗ್ಗದಲ್ಲಿ ಕಟ್ಟಿದರೂ ನಡೆಯುತ್ತದೆ.